ಮಾಳಿಗೆ ಮೇಲೆ ಒಗೆದ ಹಲ್ಲು

ಬ್ಯಾಡಗಿಯ ಮಾಳಿಗೆಗಳೆಲ್ಲ ಕೆಂಪಗೆ ಕಾಣುತ್ತಿದ್ದ ಕಾಲ ಅದು. ವರ್ಷದ ಖಾರಕ್ಕೆಂದು ತಂದ ಮೆಣಸಿನಕಾಯಿಯನ್ನು ಪ್ರತಿ ಮನೆಯವರೂ ಮಾಳಿಗೆ ತುಂಬ ಹರವುತ್ತಿದ್ದರು. ಬಂದ ನೆಂಟರು ಆ ಘಾಟಿಗೆ ಸೀನಿ ಸೀನಿ ಹೈರಾಣಾಗುತ್ತಿದ್ದರು. ನಮ್ಮೂರ ಮಕ್ಕಳ ಮೂಗೇ ಬೇರೆ ಎಂದು ನಾವು ಜಂಬ ಕೊಚ್ಚಿಕೊಳ್ಳುತ್ತಿದ್ದೆವು.

ಹಾಲುಹಲ್ಲು ಬಿದ್ದರೆ ಅದನ್ನೂ ಆ ಮಾಳಿಗೆಗೇ ಒಗೆಯಬೇಕು, ಅದು ನಮ್ಮ ಅಜ್ಜಿಯ ಕಟ್ಟಪ್ಪಣೆ. ಸಗಣಿಯ ಉಂಡೆಯೊಳಗೆ ಹಲ್ಲಿಟ್ಟು ಕೈಗೆ ಕೊಡುತ್ತಿದ್ದಳು. ಒಂಬತ್ತು ತುಂಬುವುದರೊಳಗೆ ನಾನು ಹಾಗೆ ಎಷ್ಟೋ ಹಲ್ಲು ಒಗೆದಿದ್ದೆ.

ಶಾಂತಾ ಕಾಕಿ, ಅಂದರೆ ಅಪ್ಪನ ತಮ್ಮನ ಹೆಂಡತಿ, ಗಳಗನಾಥದ ಕಡೆಯಿಂದ ನಮ್ಮ ಮನೆಗೆ ಸೊಸೆಯಾಗಿ ಬಂದು ಆಗ ಎರಡು ವರ್ಷ. ನಗು ಬಂದರೆ ಸಾಕು, ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. “ಸೊಸಿ ಅಂದ್ರ ಹಿಂಗ ಇರಬೇಕ ನೋಡು” ಎಂದು ಅಜ್ಜಿ ಓಣಿ ತುಂಬ ಹೊಗಳಿದ್ದೇ ಹೊಗಳಿದ್ದು.

ಒಂದು ದಿನ ಬೆಳಿಗ್ಗೆ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತ ಕಾಲು ಜಾರಿ, ಕಟ್ಟೆಯ ಕಲ್ಲಿಗೆ ಬಾಯಿ ಬಡಿದುಕೊಂಡು ಬಿದ್ದೆ. ಮುಂದಿನ ಹಲ್ಲು ಬೇರಿನ ಸಮೇತ ಇಡಿಯಾಗಿ ಕಿತ್ತು ಅಂಗೈಗೆ ಬಂತು. ಬಾಯಿ ತುಂಬ ರಕ್ತ. ಚೀರಿದ್ದು ಕೇಳಿ ಅಜ್ಜಿ ಬಂದಳು. “ಏನಾಗಿಲ್ಲ, ಸುಮ್ನಾಗ ಗಿರ್ಜಿ, ಮತ್ತ ಬರ್ತೈತಿ” ಎಂದವಳೇ, ಸಗಣಿ ಹುಡುಕಲೂ ನಿಲ್ಲದೆ ಹಲ್ಲನ್ನು ಮಾಳಿಗೆ ಮೇಲೆ ಒಗೆದುಬಿಟ್ಟಳು.

ರೊಟ್ಟಿ ಬಡಿಯುತ್ತಿದ್ದ ಕಾಕಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನ ಬಾಯಿ ನೋಡಿದಳು.

“ಹಲ್ಲೆಲ್ಲೈತ್ರಿ ಅತ್ತೀ?”

“ಮಾಳಿಗಿ ಮ್ಯಾಲೆ ಒಗದೆ.”

“ಅಯ್ಯ, ಇದು ಹಾಲಹಲ್ಲಲ್ರಿ! ಇದು ಬಿದ್ರ ಮತ್ತ ಬರೂದಿಲ್ಲ.”

“ಯಾಕ ಬರೂದಿಲ್ಲ? ಕೂಸಿನ್ನೂ ಸಣ್ಣದೈತಿ. ನೀ ಒಳಗ ಹೋಗು, ರೊಟ್ಟಿ ಹೊತ್ತಾಕತ್ತೈತಿ.”

ಎರಡು ವರ್ಷದಲ್ಲಿ ಅಜ್ಜಿಯ ಮಾತಿಗೆ ಒಮ್ಮೆಯೂ ಎದುರಾಡದ ಕಾಕಿ ಅಂದು ಒಳಗೆ ಹೋಗಲಿಲ್ಲ. ಬಾಯಿಗೆ ಬೆರಳು ಹಾಕಿ, ತನ್ನ ಮುಂದಿನ ಹಲ್ಲೊಂದನ್ನು ಹೊರಗೆ ತೆಗೆದು ಕಟ್ಟೆಯ ಮೇಲಿಟ್ಟಳು. ನನ್ನ ಅಳು ಗಕ್ಕನೆ ನಿಂತಿತು.

“ನೋಡ್ರಿ. ಇವಳ ವಯಸ್ಸಿನಾಗ ನಂದೂ ಹಿಂಗ ಬಿದ್ದಿತ್ತು. ಮತ್ತ ಬರ್ತೈತಿ ಅಂತ ನಮ್ಮನ್ಯಾಗೂ ಒಗದ್ರು. ಬರಲಿಲ್ಲ. ಇದು ಕಟ್ಟಿಸಿದ್ದು. ಬಿದ್ದ ಹಲ್ಲು ಹಾಲಾಗ ಹಾಕ್ಕೊಂಡು ಒಂದು ತಾಸಿನಾಗ ಬಂದಿದ್ರ ಕುಂದ್ರಸ್ತಿದ್ದೆ ಅಂತ ಡಾಕ್ಟರ್ ಆಮ್ಯಾಲೆ ಹೇಳಿದ್ರು.”

ಹೆಣ್ಣು ನೋಡಲು ಹೋದಾಗಿನಿಂದ ಮುಚ್ಚಿಟ್ಟ ಗುಟ್ಟು ಅದು. ಸೆರಗು ನಾಚಿಕೆಗಲ್ಲ, ಹಲ್ಲು ಜಾರೀತೆಂಬ ಹೆದರಿಕೆಗೆ ಎಂಬುದು ಅಂದು ನಮಗೆ ತಿಳಿಯಿತು. ಕಾಕಿ ಅಜ್ಜಿಯ ಉತ್ತರಕ್ಕೆ ಕಾಯಲಿಲ್ಲ. ಕೈ ತೊಳೆದು, ಸೀರೆ ಎತ್ತಿ ಕಟ್ಟಿ ಸರಸರ ಏಣಿ ಹತ್ತಿದಳು.

ಮಾಳಿಗೆ ತುಂಬ ಮೆಣಸಿನಕಾಯಿ, ಅದರ ನಡುವೆ ಉದುರಿದ ಬೆಳ್ಳನೆಯ ಬೀಜ. ಯಾವುದು ಬೀಜ, ಯಾವುದು ಹಲ್ಲು! ಮೊಣಕಾಲೂರಿ ಒಂದೊಂದೇ ಸರಿಸುತ್ತ, ಸೀನುತ್ತ, ಕಣ್ಣೀರು ಒರೆಸಿಕೊಳ್ಳುತ್ತ ಹುಡುಕಿದಳು. ನಾನು ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಳಗೆ ನಿಂತು ಕದರಮಂಡಲಗಿ ಹನುಮಪ್ಪನಿಗೆ ಹರಕೆಯ ಮೇಲೆ ಹರಕೆ ಹೊತ್ತೆ.

“ಸಿಕ್ತು! ಹಾಲು ತರ್ರಿ!”

ಅಜ್ಜಿ ಆಗಲೇ ಆರಿದ ಹಾಲಿನ ಬಟ್ಟಲು ಹಿಡಿದು ಏಣಿಯ ಬುಡದಲ್ಲಿ ನಿಂತಿದ್ದಳು. ಇಳಿದು ಬಂದ ಕಾಕಿ ಹಲ್ಲಿನ ಬಿಳಿ ಭಾಗವನ್ನಷ್ಟೇ ಎರಡು ಬೆರಳಲ್ಲಿ ಹಿಡಿದು, ಬೇರನ್ನು ಮುಟ್ಟದೆ, ತಿಕ್ಕದೆ, ಒಮ್ಮೆ ಹಾಲಿನಲ್ಲಿ ಜಾಲಿಸಿದಳು. ಬೇರೆ ಬಟ್ಟಲಲ್ಲಿ ಹಾಲು ಹಾಕಿಸಿ ಅದರಲ್ಲಿ ಮುಳುಗಿಸಿದಳು.

ಮನೆಯಲ್ಲಿ ಗಂಡಸರಿರಲಿಲ್ಲ. ರಾಣೇಬೆನ್ನೂರಿಗೆ ಹೊರಟಿದ್ದ ಮೆಣಸಿನಕಾಯಿ ಟೆಂಪೊ ಒಂದಕ್ಕೆ ಕಾಕಿ ಅಡ್ಡ ನಿಂತಳು. ಚಾಲಕನ ಪಕ್ಕದಲ್ಲಿ ನಾವಿಬ್ಬರು, ಕಾಕಿಯ ಎರಡೂ ಕೈಯಲ್ಲಿ ಬಟ್ಟಲು. ಅವಳ ಕಟ್ಟಿಸಿದ ಹಲ್ಲು ಕಟ್ಟೆಯ ಮೇಲೇ ಉಳಿದಿತ್ತು. ಮೋಟೆಬೆನ್ನೂರು ದಾಟುವಾಗ ಚಾಲಕ, “ಸಾವಕಾಶ ಹೋಗ್ಲೇನ್ರಿ ಅಕ್ಕಾರ, ಹಾಲು ತುಳಕಾಕತ್ತೈತಿ” ಎಂದ.

“ನೀ ಜೋರು ಹೊಡಿಯಪ್ಪಾ. ಹಾಲು ನಾ ನೋಡ್ಕೋತೇನಿ.”

ತಾಸು ತುಂಬುವುದರೊಳಗೆ ರಾಣೇಬೆನ್ನೂರಿನ ಹಲ್ಲಿನ ಡಾಕ್ಟರ ಬಳಿ ಮುಟ್ಟಿದೆವು. ಡಾಕ್ಟರು ಹಲ್ಲನ್ನು ಮೊದಲಿನ ಜಾಗಕ್ಕೇ ಕೂರಿಸಿ, ತೆಳ್ಳನೆಯ ತಂತಿಯಿಂದ ಅಕ್ಕಪಕ್ಕದ ಹಲ್ಲುಗಳಿಗೆ ಬಿಗಿದರು. “ಹಾಲಾಗ ಹಾಕಬೇಕಂತ ಯಾರು ಹೇಳಿದ್ರವ್ವಾ ನಿಮಗ?” ಎಂದು ಕೇಳಿ ತಲೆ ಎತ್ತಿದವರು, ಕಾಕಿಯ ಬಾಯಲ್ಲಿ ಹಲ್ಲಿಲ್ಲದ ಜಾಗ ನೋಡಿದರು. “ಭಾಳ ಚಲೋ ಕೆಲಸ ಮಾಡೀರಿ” ಎಂದಷ್ಟೇ ಹೇಳಿದರು.

ಮಧ್ಯಾಹ್ನ ಮನೆಗೆ ಬಂದಾಗ ಕಾಕಿಯ ಮುಖ ಬಾಡಿತ್ತು. ಇನ್ನು ಅತ್ತೆಯ ಎದುರು ನಿಲ್ಲಬೇಕಲ್ಲ! ಅಜ್ಜಿ ದೇವರ ಜಗಲಿಯಿಂದ ಒಂದು ಬಟ್ಟಲು ತಂದು ಮುಂದಿಟ್ಟಳು. ಅದರ ತುಂಬ ಹಾಲು. ಹಾಲಿನ ತಳದಲ್ಲಿ ಕಾಕಿಯ ಕಟ್ಟಿಸಿದ ಹಲ್ಲು.

“ಇದನ್ನ ಯಾಕ ಹಾಲಾಗ ಹಾಕೀರಿ ಅತ್ತೀ?”

“ನೀನ ಹೇಳಿದ್ಯಲ್ಲ, ಹಾಲಾಗಿಟ್ರ ಕುಂದರ್ತೈತಿ ಅಂತ.”

ಕಾಕಿ ನಕ್ಕಳು. ಸೆರಗಿಲ್ಲ, ಕೈಯಿಲ್ಲ, ಬಾಯ್ತುಂಬ ನಕ್ಕಳು. ಎರಡು ವರ್ಷದ ಬಾಕಿಯನ್ನೆಲ್ಲ ನಕ್ಕಳು. ಅಜ್ಜಿಗೂ ನಗು ತಡೆಯಲಾಗಲಿಲ್ಲ. ತಂತಿ ಬಿಗಿದ ಬಾಯಲ್ಲಿ ನಗಲಾಗದೆ ಒದ್ದಾಡಿದವಳು ನಾನೊಬ್ಬಳೇ. ಆ ಹೊತ್ತಿನ ಕಾಕಿಯಷ್ಟು ಚೆಂದದ ಹೆಂಗಸನ್ನು ನಾನು ಇವತ್ತಿಗೂ ಕಂಡಿಲ್ಲ.

ಆ ಹಲ್ಲು ಇಷ್ಟು ವರ್ಷ ನನ್ನ ಜೊತೆ ನಕ್ಕಿತು. ಹೋದ ತಿಂಗಳು ಬೇರು ಸವೆದು ಅಲ್ಲಾಡತೊಡಗಿತು. ಹಾವೇರಿಯ ಡಾಕ್ಟರು ಅದನ್ನು ತೆಗೆದು ಹತ್ತಿಯಲ್ಲಿ ಸುತ್ತಿ ಕೈಗೆ ಕೊಟ್ಟರು. ಕಾಕಿಗೆ ಫೋನ್ ಮಾಡಿದೆ.

“ಭಾಳ ದಿನ ದುಡೀತವ್ವಾ. ಈಗ ಮಾಳಿಗಿ ಮ್ಯಾಲೆ ಒಗದು ಬಿಡು” ಎಂದಳು.

ಒಗೆಯಲು ಮಾಳಿಗೆ ಎಲ್ಲಿದೆ? ನಾನಿರುವುದು ಎರಡನೇ ಮಹಡಿ, ನನ್ನ ತಲೆಯ ಮೇಲೆ ಬೇರೆಯವರ ಮನೆ. ಖಾರದಪುಡಿ ಪಾಕೀಟಿನಲ್ಲಿ ಬರುತ್ತದೆ. “ಮತ್ತ ಬರ್ತೈತಿ” ಎಂದು ಸುಳ್ಳಾದರೂ ಹೇಳಲು ಅಜ್ಜಿ ಇಲ್ಲ.

ಹಲ್ಲು ಹಿಡಿದು ಬಹಳ ಹೊತ್ತು ಅಡುಗೆಮನೆಯಲ್ಲಿ ನಿಂತಿದ್ದೆ. ಉಪಯೋಗವಿಲ್ಲವೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ಬಟ್ಟಲಿಗೆ ಹಾಲು ಸುರಿದು, ಬೇರು ಮುಟ್ಟದ ಹಾಗೆ ಹಿಡಿದು, ಮೆಲ್ಲಗೆ ಅದರೊಳಗೆ ಬಿಟ್ಟೆ.