ದಾವಲಸಾಬರ ಕಾಲು ಭಾರವಾಗಿರಲಿಲ್ಲ

ದಾವಲಸಾಬರ ಕಾಲು ಭಾರವಾಗಿರಲಿಲ್ಲ. ಭಾರವಿದೆ ಎಂದು ಹೇಳಿದವಳು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ — ಅವರ ಮಾಲಕರ ಮುಂದೆ, ಜೊತೆಗೆ ದುಡಿಯುವ ಹಮಾಲರ ಮುಂದೆ, ಅವರು ಅಲ್ಲೇ ನಿಂತು ಕೇಳುತ್ತಿರುವಾಗ. ಮೂರು ವರ್ಷವಾಯಿತು. ಮನೆಯಲ್ಲಿ ಕೂಡ ಯಾರಿಗೂ ಇದನ್ನು ಹೇಳಿರಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ಮೊದಲು ನನ್ನ ಪರವಾದ ಮಾತೇ ಬರುತ್ತಿತ್ತು, ಹಾಗಾಗಿ ಸುಮ್ಮನಾಗುತ್ತಿದ್ದೆ.

ಹುಬ್ಬಳ್ಳಿಯಲ್ಲಿ ವಿದ್ಯುತ್ ಟ್ರಕ್ಕುಗಳನ್ನು ಮಾರುವ ಒಂದು ಮಳಿಗೆಯಲ್ಲಿ ಚಾಲಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅಪ್ಪ ಧಾರವಾಡದ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಒಂದು ಅಳತೆಯನ್ನು ಯಾವ ಸ್ಥಿತಿಯಲ್ಲಿ ತೆಗೆದದ್ದು ಎಂದು ಹೇಳದಿದ್ದರೆ ಆ ಅಳತೆಗೆ ಅರ್ಥವಿಲ್ಲ ಎಂಬುದನ್ನು ನಾನು ಹತ್ತನೇ ವಯಸ್ಸಿಗೇ ಅವರಿಂದ ಕಲಿತಿದ್ದೆ. ಆದ್ದರಿಂದ ನನಗೆ ತಿಳಿದಿರಲಿಲ್ಲ ಎನ್ನುವ ದಾರಿ ನನಗಿಲ್ಲ.

ನಮ್ಮ ಗಾಡಿಯ ಜಾಹೀರಾತಿನಲ್ಲಿ ಒಂದು ಚಾರ್ಜಿಗೆ ನೂರಾ ಎಂಬತ್ತು ಕಿಲೋಮೀಟರ್ ಎಂದಿತ್ತು. ಅದು ಪೂರಾ ಸುಳ್ಳೂ ಅಲ್ಲ — ಅದೇ ಅದರ ಅಪಾಯ. ಗಾಡಿಯನ್ನು ಒಳಾಂಗಣದಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ, ಹಿತವಾದ ಉಷ್ಣತೆಯಲ್ಲಿ, ಎಸಿ ಬಂದ್ ಮಾಡಿ, ಮೆಲ್ಲಗಿನ ವೇಗದಲ್ಲಿ, ಬ್ಯಾಟರಿ ಪೂರ್ತಿ ಬರಿದಾಗುವವರೆಗೆ ಓಡಿಸಿದರೆ ಅಷ್ಟು ಬರುತ್ತದೆ. ಆದರೆ ಗದಗ ರಸ್ತೆಯಲ್ಲಿ ಮೇ ತಿಂಗಳಲ್ಲಿ ಯಾರು ಹಾಗೆ ಓಡಿಸುತ್ತಾರೆ? ಹೊರೆ ತುಂಬಿದ ಗಾಡಿ ಪ್ರತಿ ಏರಿಗೂ ಹೆಚ್ಚು ಚಾರ್ಜ್ ಕೇಳುತ್ತದೆ. ವೇಗ ಸ್ವಲ್ಪ ಹೆಚ್ಚಿದರೂ ಗಾಳಿಯ ತಡೆ ಬಹಳ ಹೆಚ್ಚುತ್ತದೆ. ಗದಗಿನಿಂದ ಹುಬ್ಬಳ್ಳಿಗೆ ಬರುವಾಗ ಪಡುವಣ ಗಾಳಿ ನೇರ ಎದೆಗೆ ಬರುತ್ತದೆ. ಬಿಸಿಲಿಗೆ ಚಾಲಕನನ್ನು ತಂಪಾಗಿಡಲೂ, ಬ್ಯಾಟರಿಯನ್ನು ತಂಪಾಗಿಡಲೂ ಅದೇ ಬ್ಯಾಟರಿಯ ಚಾರ್ಜ್ ಖರ್ಚಾಗುತ್ತದೆ. ಇನ್ನು ಕೊನೆಯ ನಾಲ್ಕೈದು ಪ್ರತಿಶತಕ್ಕೆ ಬಂದರೆ ಗಾಡಿ ತಾನಾಗಿಯೇ ತೆವಳತೊಡಗುತ್ತದೆ.

ಇದನ್ನು ಪುಸ್ತಕದಲ್ಲಿ ಓದಿದ್ದಲ್ಲ. ಮಾರಾಟ ಶುರುವಾಗುವ ಮೊದಲು ಮರಳಿನ ಚೀಲ ಹೇರಿಕೊಂಡು ನಾನೇ ಓಡಿಸಿ ನೋಡಿದ್ದೆ. ಧಾರವಾಡದ ಕಡೆ ಒಂದು ಸುತ್ತು, ಆಮೇಲೆ ಗದಗ. ವಾಪಸು ಬರುವಾಗ ಅಣ್ಣಿಗೇರಿ ಹತ್ತಿರ ಗಾಡಿ ಸೈಕಲ್ಲಿನ ವೇಗಕ್ಕೆ ಇಳಿಯಿತು. ಓಡಿದ್ದು ನೂರಾ ಇಪ್ಪತ್ನಾಲ್ಕು. ಮ್ಯಾನೇಜರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಬೆದರಿಸಲಿಲ್ಲ. ಜಾಹೀರಾತಿನ ಲೆಕ್ಕಕ್ಕೆ ಪರೀಕ್ಷೆಯ ಪ್ರಮಾಣಪತ್ರವಿದೆ, ನಿನ್ನ ಲೆಕ್ಕಕ್ಕೆ ಏನಿದೆ ಎಂದು ನಗುತ್ತಾ ಕೇಳಿದರು. ಆಗ ಮೂರು ಜಿಲ್ಲೆಗಳ ತರಬೇತಿ ಮುಖ್ಯಸ್ಥರ ಜಾಗ ಖಾಲಿಯಾಗಲಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಆ ಸಂಖ್ಯೆಯನ್ನು ಮತ್ತೆ ಬಾಯಿಗೆ ತರಲಿಲ್ಲ.

ಆಮೇಲೆ ಹೊಸಮನಿಯವರು ಬಂದರು. ಸಲೈನ್ ಬಾಟಲಿಗಳ ಸಗಟು ವ್ಯಾಪಾರ ಅವರದು. ಬೆಳಿಗ್ಗೆ ಧಾರವಾಡದ ಕಡೆಯ ಸತ್ತೂರಿನ ಔಷಧಿ ಅಂಗಡಿಗಳಿಗೆ ಮಾಲು ಇಳಿಸಿ, ಗೋದಾಮಿಗೆ ತಿರುಗಿ ಬಂದು, ಮತ್ತೆ ತುಂಬಿಕೊಂಡು ಗದಗಿಗೆ ಹೋಗಿ ಬರಬೇಕು. ಎಲ್ಲ ಸೇರಿ ನೂರಾ ಐವತ್ತೈದು ಕಿಲೋಮೀಟರ್. ಅರ್ಜಿಯಲ್ಲಿ ಮಾಲು ಯಾವುದು ಎಂಬಲ್ಲಿ ‘ಔಷಧಿ’ ಎಂದು ಬರೆಸಿದ್ದರು. ಸಲೈನ್ ಎಂದರೆ ನೀರು, ನೀರೆಂದರೆ ಭಾರ — ನನಗೆ ಆ ಕ್ಷಣವೇ ಹೊಳೆದಿತ್ತು. ಒಂದ ಚಾರ್ಜಿನ್ಯಾಗ ಆಕ್ಕೈತೇನ್ರಿ ಎಂದು ಅವರು ನನ್ನನ್ನೇ ಕೇಳಿದರು. ಮ್ಯಾನೇಜರು ಪಕ್ಕದಲ್ಲೇ ಕೂತಿದ್ದರು.

“ಸತ್ತೂರೂ ಆಗ್ತದ, ಗದಗೂ ಆಗ್ತದ್ರಿ. ಚಿಂತಿ ಮಾಡಬ್ಯಾಡ್ರಿ,” ಎಂದೆ.

ಆ ಗಾಡಿಯನ್ನು ಓಡಿಸಲು ಬಂದವರು ದಾವಲಸಾಬ. ಹಳೇ ಹುಬ್ಬಳ್ಳಿಯವರು, ಐವತ್ತರ ಮೇಲಿನ ವಯಸ್ಸು, ಹೊಸಮನಿಯವರ ಡೀಸೆಲ್ ಟೆಂಪೋವನ್ನು ಇಪ್ಪತ್ತೆರಡು ವರ್ಷ ಓಡಿಸಿದವರು. ಒಂದು ಬಾಟಲಿಯೂ ಒಡೆದಿಲ್ಲ ಎಂದು ಹೊಸಮನಿಯವರೇ ನನಗೆ ಹೇಳಿದ್ದರು. ತರಬೇತಿಗೆ ಬಂದ ಮೊದಲ ದಿನ ಅವರು ಗಾಡಿ ಹತ್ತುವ ಮೊದಲು ಚಪ್ಪಲಿ ಕಳಚಿ ಪಾದ ಒರೆಸಿಕೊಂಡರು. ಬರಿಗಾಲಲ್ಲಿ ಪೆಡಲ್ ಒತ್ತಿದರೆ ಗಾಡಿಯ ಮನಸ್ಸು ಗೊತ್ತಾಗುತ್ತದೆ ಎಂದು ನಾಚುತ್ತಾ ವಿವರಿಸಿದರು. ಅಷ್ಟು ಹಗುರವಾದ ಕಾಲನ್ನು ನಾನು ಇಂದಿನವರೆಗೂ ನೋಡಿಲ್ಲ. ಇದನ್ನೂ ಬಲ್ಲೆ ನಾನು — ಆದರೂ.

ಮೊದಲ ವಾರವೇ ಗಾಡಿ ದಾರಿಯಲ್ಲಿ ನಿಂತಿತು. ಗದಗಿನಿಂದ ಬರುವಾಗ, ಅಣ್ಣಿಗೇರಿ ದಾಟುತ್ತಲೇ. ನಾನು ಓಡಿಸಿ ನೋಡಿದಾಗ ಗಾಡಿ ಸೋತ ಜಾಗಕ್ಕಿಂತ ಹೆಚ್ಚು ದೂರವೇನಿಲ್ಲ. ಅದಕ್ಕೆ ಮುಂಚೆ ಪರದೆಯ ಮೇಲೆ ಇನ್ನೂ ಐವತ್ತು ಕಿಲೋಮೀಟರ್ ಓಡುತ್ತದೆ ಎಂದು ತೋರಿಸುತ್ತಿತ್ತಂತೆ. ಆ ಪರದೆಯ ಅಂದಾಜು ಆಗತಾನೆ ಓಡಿದ್ದನ್ನು ನೋಡಿ ಮುಂದಿನದನ್ನು ಊಹಿಸುತ್ತದೆ. ಗದಗ ಪೇಟೆಯ ಓಣಿಗಳಲ್ಲಿ ಖಾಲಿ ಗಾಡಿ ಮೆಲ್ಲಗೆ ತಿರುಗಿದ್ದನ್ನು ನೋಡಿ ಐವತ್ತು ಎಂದಿತು. ಹೆದ್ದಾರಿಗೆ ಬಂದು ಗಾಳಿಗೆ ಎದುರಾದಾಗ ಆ ಐವತ್ತು ಕಣ್ಣೆದುರೇ ಕರಗಿತು. ದಾವಲಸಾಬರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು.

ಟ್ರ್ಯಾಕ್ಟರಿಗೆ ಕಟ್ಟಿ ಗಾಡಿಯನ್ನು ಎಳೆದು ತಂದರು. ಮರುದಿನ ನಮ್ಮವರು ನನ್ನನ್ನು ಹೊಸಮನಿಯವರ ಗೋದಾಮಿಗೆ ಕಳಿಸಿದರು. ಗಾಡಿಗೆ ಗಣಕಯಂತ್ರ ಜೋಡಿಸಿ ನೋಡಿದೆ, ಎಲ್ಲ ಸರಿಯಿತ್ತು. ಹೊಸಮನಿಯವರಿಗೆ ಸಿಟ್ಟಿಗಿಂತ ಮುಜುಗರ ಹೆಚ್ಚಾಗಿತ್ತು. ಗಾಡಿ ವಾಪಸು ಕೊಡುವ ಮಾತು ಅವರ ತುಟಿಯ ಮೇಲಿತ್ತು. ಹಾಗಾರ ತಪ್ಪು ಯಾರದ್ರಿ ಎಂದರು. ಏಳೆಂಟು ಹಮಾಲರು ಪೆಟ್ಟಿಗೆ ಇಳಿಸುವುದನ್ನು ಬಿಟ್ಟು ನಿಂತಿದ್ದರು. ದಾವಲಸಾಬ ಗಾಡಿಯ ಬಾಗಿಲು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು — ನಾನು ತಮ್ಮನ್ನು ಪಾರು ಮಾಡುತ್ತೇನೆ ಎಂದು ನಂಬಿದವರ ಹಾಗೆ.

“ಗಾಡ್ಯಾಗ ಏನೂ ದೋಷ ಇಲ್ರಿ,” ಎಂದೆ. “ಓಡಸೋರ ಕಾಲು ಭಾರ ಅದ, ಪೆಡಲ್ ಭಾಳ ಒತ್ತತಾರ.”

ಅವರು ತಲೆ ಬಗ್ಗಿಸಿ ತಮ್ಮ ಪಾದ ನೋಡಿಕೊಂಡರು. ಅಷ್ಟೇ. ಯಾರೋ ಒಬ್ಬ ಹಮಾಲ ನಕ್ಕ. ಆಮೇಲೆ ಗೋದಾಮಿನಲ್ಲಿ ಅವರಿಗೆ ‘ಭಾರಗಾಲಿನ ದಾವಲ’ ಎಂಬ ಹೆಸರು ಬಿತ್ತೆಂದು ಕೇಳಿದೆ. ಕೇಳಿ — ನಾನು ಏನೂ ಮಾಡಲಿಲ್ಲ.

ಅವರಿಗೆ ಮತ್ತೆ ತರಬೇತಿ ಕೊಡು ಎಂದರು ಮ್ಯಾನೇಜರು, ಕೊಟ್ಟೆ. ನಲವತ್ತರ ವೇಗ ದಾಟಬೇಡಿ ಎಂದೆ. ಎಸಿ ಹಾಕಬೇಡಿ ಎಂದೆ. ಹೆದ್ದಾರಿಯಲ್ಲಿ ಗಾಜು ಇಳಿಸಿದರೆ ಗಾಳಿ ಒಳಗೆ ನುಗ್ಗಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಆದಷ್ಟು ಏರಿಸಿಕೊಳ್ಳಿ ಎಂದೆ. ಇವು ಬೇರೆ ಬೇರೆ ದಿನ ಹೇಳಿದ ಬೇರೆ ಬೇರೆ ಮಾತುಗಳು. ದಾವಲಸಾಬ ಎಲ್ಲವನ್ನೂ ಒಟ್ಟಿಗೆ ಪಾಲಿಸಿದರು. ಏಪ್ರಿಲ್ ಕಳೆದು ಮೇ ಬಂತು. ಎಸಿ ಇಲ್ಲದೆ, ಗಾಜು ಏರಿಸಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಅವರು ಗದಗ ರಸ್ತೆಯಲ್ಲಿ ಓಡಾಡಿದರು. ಆದರೂ ಪೂರ್ತಿ ಸಾಲುತ್ತಿರಲಿಲ್ಲ. ಗದಗಿನ ಒಬ್ಬ ಅಂಗಡಿಯವರನ್ನು ಬೇಡಿಕೊಂಡು, ಮಾಲು ಇಳಿಸುವಷ್ಟು ಹೊತ್ತು ಗೋಡೆಯ ಪ್ಲಗ್ಗಿಗೆ ಗಾಡಿ ಹಚ್ಚಿ, ಕೊರತೆ ತುಂಬಿಕೊಂಡು ಮನೆ ಸೇರುತ್ತಿದ್ದರು.

ನನಗೆ ಇದೆಲ್ಲ ಕಾಣುತ್ತಿತ್ತು. ಗಾಡಿಯ ಪ್ರತಿ ದಿನದ ಲೆಕ್ಕ ನನ್ನ ಮೇಜಿನ ಪರದೆಗೆ ಬರುತ್ತದೆ. ದಿನದಿಂದ ದಿನಕ್ಕೆ ಒಂದೊಂದು ಪ್ರತಿಶತ ಚಾರ್ಜಿಗೂ ಅವರು ಹೆಚ್ಚು ಹೆಚ್ಚು ದೂರ ಹೋಗುತ್ತಿದ್ದರು. ಎಸಿಯ ಸಾಲಿನಲ್ಲಿ ಪ್ರತಿ ದಿನ ಸೊನ್ನೆ. ಆ ಸೊನ್ನೆಯನ್ನು ನೋಡಿ ನಾನು ಫೋನ್ ಎತ್ತಬೇಕಿತ್ತು. ಹೊರಗೆ ಎಂಥ ಬಿಸಿಲಿದೆ ಎಂದು ತಿಳಿಯಲು ನನಗೆ ಯಾವ ಯಂತ್ರವೂ ಬೇಕಿರಲಿಲ್ಲ. ಬದಲಿಗೆ ನಾನು ಏನು ಮಾಡಿದೆ ಗೊತ್ತೇ? ಅವರ ಏರುತ್ತಿದ್ದ ರೇಖೆಯನ್ನು ಒಂದು ಚಿತ್ರ ಮಾಡಿ, ‘ತರಬೇತಿಯ ಫಲ’ ಎಂಬ ತಲೆಬರಹ ಕೊಟ್ಟು, ಮೇಲಿನವರಿಗೆ ಕಳಿಸಿದೆ. ಶಹಬ್ಬಾಸ್ ಎಂದರು. ಖುಷಿಯಾಯಿತು. ಆ ಖುಷಿಯನ್ನು ಮುಚ್ಚಿಟ್ಟು ಈ ನಿವೇದನೆ ಬರೆದರೆ ಇದೂ ಇನ್ನೊಂದು ಸುಳ್ಳಾದೀತು.

ಒಂದು ಮಧ್ಯಾಹ್ನ ಗದಗಿನಲ್ಲಿ ಕರೆಂಟ್ ಇರಲಿಲ್ಲ. ಕಾದರೆ ತಡವಾಗುತ್ತದೆ, ತಡವಾದರೆ ಮತ್ತೆ ಕಾಲಿನ ಮಾತು ಬರುತ್ತದೆ — ಹೀಗೆಯೇ ಯೋಚಿಸಿರಬೇಕು. ಇದ್ದ ಚಾರ್ಜಿನಲ್ಲೇ ಹೊರಟರು. ಅಣ್ಣಿಗೇರಿ ದಾಟಿದರು. ಶಿರಗುಪ್ಪಿಯ ಹತ್ತಿರ ಗಾಡಿಯನ್ನು ರಸ್ತೆಯ ಬದಿಗೆ ತಂದು, ಕೈಬ್ರೇಕ್ ಹಾಕಿ, ಸ್ಟೇರಿಂಗಿನ ಮೇಲೆ ಒರಗಿದರು. ಹೊಲದಲ್ಲಿದ್ದ ಗಂಡ ಹೆಂಡತಿ ನೋಡಿ ಓಡಿ ಬಂದು ಬಾಗಿಲು ತೆಗೆದಾಗ ಅವರ ಮೈ ಒಣಗಿ ಸುಡುತ್ತಿತ್ತಂತೆ, ಮಾತು ತೊದಲುತ್ತಿತ್ತಂತೆ. ಎಷ್ಟು ಕೇಳಿದರೂ ಅವರು ಹೇಳುತ್ತಿದ್ದುದು ಒಂದೇ — ಗಾಜು ಇಳಿಸಬ್ಯಾಡ್ರಿ.

ಬದುಕಿದರು. ಹದಿನಾರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆದರೆ ಕೈ ನಡುಗುವುದು ನಿಲ್ಲಲಿಲ್ಲ, ನಡೆಯುವಾಗ ತೋಲ ತಪ್ಪಿ ವಾಲುತ್ತಾರೆ, ಮಾತು ನಿಧಾನವಾಗಿದೆ. ಮತ್ತೆ ಗಾಡಿ ಓಡಿಸುವ ಹಾಗಿಲ್ಲ ಎಂದರು ಡಾಕ್ಟರು. ವಯಸ್ಸಾಗಿತ್ತು, ಉಪವಾಸವಿದ್ದು ಬಿಸಿಲಲ್ಲಿ ಹೋಗಿದ್ದರೇನೋ ಎಂದು ಗೋದಾಮಿನಲ್ಲಿ ಮಾತಾಡಿಕೊಂಡರು. ಹೊಸಮನಿಯವರು ಹೊಸ ಚಾಲಕನನ್ನು ಇಟ್ಟು, ಆ ಗಾಡಿಯನ್ನು ಧಾರವಾಡದ ಕಡೆಗೆ ಮಾತ್ರ ಬಿಟ್ಟರು. ಗದಗಿಗೆ ಮತ್ತೆ ಡೀಸೆಲ್ ಗಾಡಿಯೇ ಹೋಗತೊಡಗಿತು. ಯಾಕೆ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಮೂರು ತಿಂಗಳಿಗೆ ನಾನು ಮೂರು ಜಿಲ್ಲೆಗಳ ತರಬೇತಿ ಮುಖ್ಯಸ್ಥೆಯಾದೆ.

ಹೋದ ತಿಂಗಳು ಧಾರವಾಡದಲ್ಲಿ ಚಾಲಕರ ತರಬೇತಿಯಿತ್ತು. ಅಲ್ಲಿ ಎಂದಿನಂತೆ ಆ ಚಿತ್ರ ತೋರಿಸಿದೆ. ಹೌದು, ಅಷ್ಟೆಲ್ಲ ಆದ ಮೇಲೂ ಅದನ್ನು ತೋರಿಸುತ್ತಲೇ ಇದ್ದೆ, ಹೆಸರು ಅಳಿಸಿ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯ ಚಾಲಕ ಎದ್ದು ನಿಂತರು.

“ಇಷ್ಟು ಛಲೋ ಓಡಿಸಿದಾಂವ ಯಾರ್ರಿ? ಅವರನ್ನ ಕರಸ್ರಿ ಮೇಡಂ. ನಾವು ಅವರ ಕಡೆನ ಕಲೀತೇವಿ.”

ನೀರು ಕುಡಿಯುವ ನೆಪ ಮಾಡಿ ಹೊರಗೆ ಬಂದೆ, ಒಳಗೆ ಹೋಗಲಾಗಲಿಲ್ಲ. ಅಲ್ಲಿಂದ ಮುಂದೆ ಮೂರು ವಾರ ನಾನು ಹೇಗಿದ್ದೆನೆಂದು ಹೇಳಿ ನಿಮ್ಮ ಕನಿಕರ ಕೇಳುವುದಿಲ್ಲ. ಊಟ ಸೇರಲಿಲ್ಲ, ಕಣ್ಣು ಮುಚ್ಚಿದರೆ ಸೊನ್ನೆಗಳ ಸಾಲು — ಇರಲಿ, ಬಿಡಿ.

ಮೊನ್ನೆ ಶುಕ್ರವಾರ ಸಂಜೆ ಹಳೇ ಹುಬ್ಬಳ್ಳಿಗೆ ಹೋದೆ. ಓಣಿಯಲ್ಲಿ ಮನೆ ಕೇಳಿಕೊಂಡು ಹೋಗಬೇಕಾಯಿತು. ಅವರ ಹೆಂಡತಿ ಮೆಹಬೂಬಿ ಬಾಗಿಲು ತೆಗೆದು, ಗುರುತು ಹಿಡಿದು, ಒಳಗೆ ಕರೆದರು. ದಾವಲಸಾಬ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಏಳಲು ಹೋದರು. ಬೇಡವೆಂದು ಕೈ ಮುಗಿದೆ. ಎಲ್ಲವನ್ನೂ ಹೇಳಿದೆ. ನಾನು ಮೊದಲೇ ಓಡಿಸಿ ನೋಡಿದ್ದು, ಮುಚ್ಚಿಟ್ಟದ್ದು, ಅವರ ಮೇಲೆ ಹಾಕಿದ್ದು, ಎಸಿಯ ಸೊನ್ನೆ ನೋಡಿ ಸುಮ್ಮನಿದ್ದದ್ದು, ಆ ಚಿತ್ರ. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

“ಖರೇ ಎಷ್ಟು ಓಡ್ತಿತ್ರಿ ಅದು?” ಎಂದು ಕೇಳಿದರು, ಒಂದೊಂದೇ ಶಬ್ದ ಹುಡುಕುತ್ತಾ.

“ನೂರಾ ಇಪ್ಪತ್ನಾಲ್ಕು.”

“ಶಿರಗುಪ್ಪಿಗೆ?”

“ಅವತ್ತು ನೀವು ಶಿರಗುಪ್ಪಿಗೆ ನೂರಾ ಮೂವತ್ತೆಂಟು ಮುಗಿಸಿದ್ರಿ.”

“ಬ್ಯಾಟರ್ಯಾಗ ಎಷ್ಟು ಉಳದಿತ್ತು?”

ಹನ್ನೊಂದು ಪ್ರತಿಶತ ಎಂದೆ. ಅವರು ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ಅವತ್ತು ಅವರು ಒಂದೊಂದು ಪ್ರತಿಶತಕ್ಕೆ ಒಂದೂವರೆ ಕಿಲೋಮೀಟರಿಗಿಂತ ತುಸು ಹೆಚ್ಚೇ ಓಡಿಸಿದ್ದರು; ಶಿರಗುಪ್ಪಿಯಿಂದ ಗೋದಾಮಿಗೆ ಹದಿನೇಳು ಕಿಲೋಮೀಟರ್. ಆ ಲೆಕ್ಕವನ್ನು ನಾನು ಮೂರು ವರ್ಷದಲ್ಲಿ ಎಷ್ಟು ಸಲ ಮಾಡಿದ್ದೇನೋ. ಅವರು ಒಂದೇ ಸಲಕ್ಕೆ ಮುಗಿಸಿದರು.

“ಮನಿ ಮುಟ್ಟಸ್ತಿದ್ದೆ,” ಎಂದರು.

ಹೌದು, ಮುಟ್ಟಿಸುತ್ತಿದ್ದರು. ನಾನು ನೂರಾ ಇಪ್ಪತ್ನಾಲ್ಕಕ್ಕೆ ಕೈಚೆಲ್ಲಿದ ಗಾಡಿಯನ್ನು ಆ ಮನುಷ್ಯ ನೂರಾ ಐವತ್ತೈದು ಓಡಿಸುವವರಿದ್ದರು. ಕೊರತೆ ಬಿದ್ದದ್ದನ್ನು ತಮ್ಮ ಮೈಯಿಂದ ತುಂಬಿದ್ದರು. ಅವರು ಹೆಂಡತಿಯತ್ತ ತಿರುಗಿ, ಕೇಳಿದ್ಯೇನ, ಕಾಲು ಭಾರ ಇರಲಿಲ್ಲಂತ ಎಂದರು.

ಮೆಹಬೂಬಿ ಗಂಡನ ತುಟಿಗೆ ಚಹಾದ ಬಟ್ಟಲು ಹಿಡಿದಿದ್ದರು, ಅವರ ಕೈಯಲ್ಲಿ ಬಟ್ಟಲು ನಿಲ್ಲುವುದಿಲ್ಲ. ನನ್ನತ್ತ ನೋಡದೆಯೇ ಹೇಳಿದರು, “ನನಗ ಗೊತ್ತಿತ್ರಿ. ನಾ ಹೇಳಿದ್ರ ಯಾರ ಕೇಳ್ತಾರ?”

ಕ್ಷಮೆ ಕೇಳಲು ಬಂದಿದ್ದೆ. ಕೇಳಲಿಲ್ಲ. ಕೊಡುವ ಹೊರೆಯನ್ನೂ ಅವರ ಮೇಲೆಯೇ ಹಾಕಿದಂತಾಗುತ್ತಿತ್ತು.

ನಾಳೆ ಬೆಳಿಗ್ಗೆ ಹೊಸಮನಿಯವರ ಗೋದಾಮಿಗೆ ಹೋಗುತ್ತೇನೆ, ಮಾಲು ತುಂಬುವ ಹೊತ್ತಿಗೆ, ಹಮಾಲರೆಲ್ಲ ಇರುವಾಗ. ಬರೆದು ಓದಿಸಲು ಯಾರ ಕೈಗೂ ಕಾಗದ ಕೊಡುವುದಿಲ್ಲ, ನಾನೇ ಹೇಳುತ್ತೇನೆ. ಅಲ್ಲಿಂದ ನಮ್ಮ ಮಳಿಗೆಗೆ ಹೋಗಿ, ಇದುವರೆಗೆ ನನ್ನ ಮಾತು ನಂಬಿ ಗಾಡಿ ಕೊಂಡ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಲು ಶುರು ಮಾಡುತ್ತೇನೆ — ನನ್ನನ್ನು ಕೆಲಸದಿಂದ ತೆಗೆದು ಹಾಕುವವರೆಗೆ. ನೀವೂ ಬರ್ರಿ ಎಂದು ಅವತ್ತೇ ದಾವಲಸಾಬರನ್ನು ಕರೆದೆ. ಬರುವುದಿಲ್ಲ ಎಂದರು. ಗೋದಾಮಿನ ಮೆಟ್ಟಿಲು ಹತ್ತುವಾಗ ತೋಲ ತಪ್ಪಿದರೆ ಮತ್ತೆ ಯಾರಾದರೂ ನಕ್ಕಾರು ಎಂದರು.