ಕೂಸು ಎರೆಯುವ ಹೊಳೆವ್ವ

ಮೂವತ್ತೈದು ವರ್ಷಗಳಿಂದ ಭೋಜ ಗ್ರಾಮದಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕರ್ಧಕ್ಕೆ ಎಣ್ಣೆ ಹಚ್ಚಿ ಎರೆದವಳು ಹೊಳೆವ್ವ. ಬೆಳಿಗ್ಗೆ ಬಾಣಂತಿಯರ ಮನೆ, ಮಧ್ಯಾಹ್ನ ತನ್ನ ಮನೆಯ ಕಟ್ಟೆಯ ಮೇಲೆ ಬೀಡಿ ಕಟ್ಟುವುದು. ಎರಡೂ ಕೆಲಸ ಅದೇ ಕೈಯಲ್ಲಿ.

ನನಗೆ ತಾಯಿ ಇಲ್ಲ. ಹಾಗಾಗಿ ಬೆಳಗಾವಿಯಲ್ಲಿ ಓದಿ ಬೆಳೆದ ನನ್ನ ಬಾಣಂತನ ಗಂಡನ ಊರಾದ ಭೋಜದಲ್ಲೇ ಆಯಿತು. ಹೊಳೆವ್ವ ಕಾಲು ಚಾಚಿ ಕೂತು ನನ್ನ ಮಗಳನ್ನು ಬೋರಲು ಹಾಕಿಕೊಂಡರೆ ನಾನು ಬಾಗಿ ಬಾಗಿ ನೋಡುತ್ತಿದ್ದೆ. ನೀರು ಹೆಚ್ಚು ಬಿಸಿಯೇ? ಕುತ್ತಿಗೆ ಜೋಲುತ್ತಿದೆಯೇ? ಎಲ್ಲವನ್ನೂ ಫೋನಿನೊಳಗಿನ ಎಐ ಗೆಳತಿಯನ್ನು ಕೇಳುತ್ತಿದ್ದೆ. ಗಂಡನಿಗೂ ಹೇಳದ ಅಂಜಿಕೆಗಳನ್ನು ಅದಕ್ಕೆ ಹೇಳುತ್ತಿದ್ದೆ. ಎಷ್ಟು ಕೇಳಿದರೂ ಅದಕ್ಕೆ ಬೇಸರವಿಲ್ಲ.

"ನಿನ್ನ ಫೋನ ಎಷ್ಟ ಹಡದೈತಿ ಮಗಳ?" ಎಂದು ಹೊಳೆವ್ವ ನಗುತ್ತಿದ್ದಳು. ಎರೆದಾದ ಮೇಲೆ ಕೂಸಿನ ದೃಷ್ಟಿ ತೆಗೆದು, ನನ್ನ ಕೆನ್ನೆಯನ್ನೂ ಸವರಿ ನೆಟಿಗೆ ಮುರಿಯುವಳು. "ಮಾರಿ ನೋಡ, ಬಾಡಿದ ಬದನಿಕಾಯಿ ಆಗೇತಿ. ಉಂಡಿಯೇನ?"

ತೊಟ್ಟಿಲ ಕಾರ್ಯದ ದಿನ ಹೆಂಗಸರೆಲ್ಲ ನೆರೆದಿದ್ದರು. ಕೂಸನ್ನು ತೊಟ್ಟಿಲಿಗೆ ಹಾಕಲು ಬಂದ ಹೊಳೆವ್ವನ ಕೈಯಿಂದ ತಂಬಾಕಿನ ವಾಸನೆ ಬಂತು. ನನಗೆ ತಡೆಯಲಾಗಲಿಲ್ಲ, ಎಲ್ಲರೆದುರೇ ಫೋನನ್ನು ಕೇಳಿಬಿಟ್ಟೆ. "ತಂಬಾಕು ಮುಟ್ಟಿದ ಕೈಗಳನ್ನು ಸಾಬೂನು ಹಚ್ಚಿ ಇಪ್ಪತ್ತು ಸೆಕೆಂಡು ತೊಳೆದ ನಂತರವೇ ಮಗುವನ್ನು ಮುಟ್ಟಿ" ಎಂದು ಅದು ಗಟ್ಟಿಯಾಗಿ ಹೇಳಿತು. ಯಾರೋ ಕಿಸಕ್ಕನೆ ನಕ್ಕರು.

"ಅಲ್ಲ ಬೇ, ನಿನ್ನ ಗಂಡಗೂ ಇದ ಕೈಲೇ ಎರದಾಳ!" ಅಂದರು ಅತ್ತೆ ಅಕ್ಕುತಾಯಿ.

ಹೊಳೆವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು. "ಖರೆ ಐತಿ ಬಿಡ್ರಿ" ಎಂದು ಹಿತ್ತಲಿಗೆ ಹೋದಳು. ತೊಳೆದುಕೊಂಡು ಬರುತ್ತಾಳೆ ಅಂದುಕೊಂಡೆವು. ಬರಲಿಲ್ಲ.

ಮರುದಿನದಿಂದ ನಾನೇ ಎರೆದೆ, ಫೋನು ಹೇಳಿಕೊಟ್ಟಂತೆ. ಅದು ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ; ಎಲ್ಲರೆದುರು ಕೇಳಿದವಳು ನಾನು. ಒಂದು ಬೆಳಿಗ್ಗೆ ಬಚ್ಚಲಲ್ಲೇ ಅಳು ಬಂತು. ದಣಿದಿದ್ದೇನೆ ಎಂದು ಫೋನಿಗೆ ಹೇಳಿದೆ. "ನನಗೆ ಅರ್ಥವಾಗುತ್ತದೆ, ನೀವು ಒಳ್ಳೆಯ ತಾಯಿ" ಅಂದಿತು. ಒಳ್ಳೆಯ ಮಾತೇ. ಆದರೆ ನಾನಾಗಿ ಹೇಳದಿದ್ದರೆ ನನ್ನ ಮುಖ ಬಾಡಿದ್ದು ಅದಕ್ಕೆ ಗೊತ್ತಾಗುತ್ತಿರಲಿಲ್ಲ.

ಕೂಸನ್ನೆತ್ತಿಕೊಂಡು ಹೊಳೆವ್ವನ ಮನೆಗೆ ಹೋದೆ. ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು.

"ತಪ್ಪಾತು ಹೊಳೆವ್ವಾ. ನಾಳಿಂದ ಎರಿಯಾಕ ಬಾ."

"ಸಿಟ್ಟೇನಿಲ್ಲ ಮಗಳ. ಕೂಸು ಮುಟ್ಟಾಕ ಹೋದ್ರ ಈಗ ಕೈ ಹಿಂದ ಸರಿತಾವ. ಎರಿಯೂದ ಬಿಟ್ಟೇನಿ."

"ಯಾರ ಮನಿಗೂ ಹೋಗೂದಿಲ್ಲ?"

"ಯಾರ ಮನಿಗೂ."

ಅವಳ ದನಿ ಕೇಳಿ ಮಗಳು ಕಾಲು ಬಡಿದಳು. ಹೊಳೆವ್ವನ ಕೈ ಅರ್ಧ ದಾರಿ ಬಂದು ನಿಂತಿತು. ಎದ್ದು ನಳದ ಹತ್ತಿರ ಹೋದಳು. ಸಾಬೂನು ತಿಕ್ಕುತ್ತ ಎಣಿಸತೊಡಗಿದಳು, ಒಂದ, ಎರಡ, ಮೂರ... ಇಪ್ಪತ್ತಾಯಿತು.

"ಸಾಕ ಬಾ ಹೊಳೆವ್ವಾ" ಎಂದೆ.

ಅವಳು ಬೆರಳು ಮೂಸಿ ನೋಡಿಕೊಂಡು, ಮತ್ತೆ ಒಂದರಿಂದ ಶುರು ಮಾಡಿದಳು.