ಎರಡನೇ ಪಂಕ್ತಿಯ ಪಾಯಸ

ಸಂತೆಕಟ್ಟೆಯ ಪೊರ್ಬುಗಳು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ಊರಿಗೆ ಮರಳಿದವರು. ಕ್ರೈಸ್ತ ಹಿರಿಯರನ್ನು, ಒಬ್ಬರೇ ಆದರೂ, ನಮ್ಮ ಕಡೆ ಗೌರವಕ್ಕೆ ಪೊರ್ಬುಗಳು ಎನ್ನುವುದು ವಾಡಿಕೆ. ಒಮ್ಮೆ ಹಡಗು ಕೆಟ್ಟು ಸ್ಕಾಟ್ಲೆಂಡಿನ ಬಂದರಿನಲ್ಲಿ ಚಳಿಗಾಲವಿಡೀ ನಿಂತಿತ್ತಂತೆ. ಪ್ರತಿ ಶನಿವಾರ ಅವರು ಅಲ್ಲಿಯ ಎರಡನೇ ಡಿವಿಜನ್ನಿನ ಒಂದು ಫುಟ್ಬಾಲ್ ತಂಡದ ಆಟ ನೋಡಿದರು. ಆ ತಂಡ ಮೇಲೆ ಹೋಗಲಿಲ್ಲ. ಅದರ ಕೆಳಗೆ ಬೇರೆ ಡಿವಿಜನ್ ಇಲ್ಲದ ಕಾರಣ ಕೆಳಗೂ ಹೋಗಲಿಲ್ಲ. ಇದನ್ನು ಅವರು ದೇವರ ದಯೆ ಎಂಬಂತೆ ಹೇಳುತ್ತಿದ್ದರು.

ಐವತ್ತರ ದಶಕದ ಕೊನೆಗೆ ಅವರು ನಮ್ಮಲ್ಲೂ ಲೀಗ್ ಶುರು ಮಾಡಿದರು. ಉಡುಪಿ, ಕಾರ್ಕಳ, ಸಂತೆಕಟ್ಟೆ ಮೇಲಿನ ಡಿವಿಜನ್. ಕಾಪು, ಪಡುಬಿದ್ರಿ ಮತ್ತು ನಮ್ಮ ಅಲೆವೂರು ಕೆಳಗಿನದು. ವರ್ಷದ ಕೊನೆಗೆ ಕೆಳಗಿನ ಮೊದಲಿಗರು ಮೇಲಕ್ಕೆ, ಮೇಲಿನ ಕೊನೆಯವರು ಕೆಳಕ್ಕೆ. ಆಟ ಕೊಯ್ಲಾದ ಗದ್ದೆಯಲ್ಲಿ. ಆಮೇಲೆ ಶಾಲೆಯ ಜಗಲಿಯಲ್ಲಿ ಊಟ: ಮೇಲಿನವರಿಗೆ ಮತ್ತು ಹೊಸದಾಗಿ ಮೇಲೇರಿದವರಿಗೆ ಮೊದಲ ಪಂಕ್ತಿ, ಉಳಿದವರಿಗೆ ಎರಡನೆಯದು. ಎರಡನೇ ಪಂಕ್ತಿ ಕೂರುವಷ್ಟರಲ್ಲಿ ಅಡುಗೆಯವರು ಪಾಯಸಕ್ಕೆ ನೀರು ಸೇರಿಸಿರುತ್ತಿದ್ದರು. ಎಲೆಗೆ ಬಿದ್ದದ್ದು ನೇರ ನೆಲಕ್ಕೆ ಓಡುತ್ತಿತ್ತು. ಅಂಗೈ ಅಡ್ಡ ಇಟ್ಟು ಸಿಕ್ಕಿದಷ್ಟು ತಿನ್ನಬೇಕು. ನಾನು ಅಲೆವೂರಿನ ಕ್ಯಾಪ್ಟನ್. ನನಗೆ ಮೇಲಕ್ಕೆ ಹೋಗಲೇಬೇಕಿತ್ತು. ಬರೀ ಫುಟ್ಬಾಲಿನ ಮೇಲಿನ ಪ್ರೀತಿಯಿಂದ ಎಂದರೆ ಸುಳ್ಳಾಗುತ್ತದೆ.

ಮೊದಲ ವರ್ಷ ಕಾಪು ಮೇಲಕ್ಕೆ ಹೋಯಿತು. ಮೇಲೆ ಕೊನೆಗೆ ಬಂದದ್ದು ಕಾರ್ಕಳ. ಆದರೆ ಅದನ್ನು ಅವರಿಗೆ ಹೇಳುವವರು ಯಾರು? ಕುಳಿತವರನ್ನು ಎಲೆಯ ಮುಂದಿನಿಂದ ಎಬ್ಬಿಸುವ ಕ್ರಮ ನಮ್ಮಲ್ಲಿಲ್ಲ. ಊಟವಾದ ಮರುದಿನ ಉಡುಪಿಯ ಹೋಟೆಲಿನಲ್ಲಿ ಲೀಗಿನ ಸಮಿತಿ ಸೇರಿತು, ಎರಡು ಸಲ ಕಾಫಿ ಕುಡಿಯಿತು, "ಬರುವ ವರ್ಷ ನೋಡುವ" ಎಂದು ಎದ್ದಿತು. ಮರುವರ್ಷ ಪಡುಬಿದ್ರಿಯೂ ಮೇಲೇರಿತು. ಆಗಲೂ ಯಾರೂ ಇಳಿಯಲಿಲ್ಲ. ಹೀಗೆ ಮೇಲೆ ಐದು ತಂಡ, ಕೆಳಗೆ ನಾವೊಬ್ಬರೇ.

ಮೂರನೇ ವರ್ಷ ನಮಗೆ ಎದುರಾಳಿಗಳೇ ಇಲ್ಲ. ಹಾಗಾದರೆ ನಾವೇ ಮೊದಲಿಗರಲ್ಲವೇ ಎಂದು ಕೇಳಲು ಸಂತೆಕಟ್ಟೆಗೆ ಸೈಕಲ್ ತುಳಿದೆ.

"ಆಡದೆ ಪಾಯಿಂಟ್ ಎಲ್ಲಿಂದ ಬರ್ತದೆ ಮಾರಾಯ?" ಎಂದರು ಪೊರ್ಬುಗಳು. "ಪಾಯಿಂಟ್ ಇಲ್ಲದೆ ಮೇಲೆ ಹೋಗುವ ನಿಯಮ ಸ್ಕಾಟ್ಲೆಂಡಿನಲ್ಲಿ ಇಲ್ಲ."

"ಕೆಳಗೆ ಇಳಿಸುವ ನಿಯಮ ಅಲ್ಲಿ ಉಂಟಲ್ವಾ ಪೊರ್ಬುಗಳೇ?"

ನಾನು ಸಿಟ್ಟಿನಲ್ಲಿ ಹೊರಟು ಬಂದೆ. ಆ ವರ್ಷದ ಊಟದಲ್ಲಿ ಎರಡನೇ ಪಂಕ್ತಿಯಿಡೀ ನಮ್ಮದೇ ಆಗಿತ್ತು.

ಮೇಲೆ ಕೊನೆಗೆ ಬಂದದ್ದು ಸಂತೆಕಟ್ಟೆ, ಪೊರ್ಬುಗಳದೇ ತಂಡ. ಊಟದ ಮರುದಿನ ಸಮಿತಿ ಎರಡನೇ ಕಾಫಿ ತರಿಸುವ ಮೊದಲೇ ಪೊರ್ಬುಗಳು, "ನಮ್ಮನ್ನು ಕೆಳಗೆ ಹಾಕಿ" ಎಂದರು. "ಎಂತ ಮಾತು ಅದು" ಎಂದು ಎಲ್ಲರೂ ತಡೆದರು. ಅವರು ಕೇಳಲಿಲ್ಲ. ಅವರ ತಂಡದವರು ಮಳೆಗಾಲ ಮುಗಿಯುವವರೆಗೂ ಅವರೊಡನೆ ಮಾತು ಬಿಟ್ಟರು.

ನಾಲ್ಕನೇ ವರ್ಷ ಕೆಳಗಿನ ಡಿವಿಜನ್ನಿನಲ್ಲಿ ಒಂದೇ ಪಂದ್ಯ, ನಮಗೂ ಅವರಿಗೂ. ರೆಫರಿಯಾಗಲು ಬೇರೆ ಯಾರೂ ಬರದೆ ಪೊರ್ಬುಗಳೇ ಸೀಟಿ ಹಿಡಿದರು. ಆಟ ಮುಗಿಯಲು ಐದು ನಿಮಿಷವಿರುವಾಗ ಅವರ ಕಡೆಯವನೊಬ್ಬ ಗೋಲಿನ ಎದುರು ಚೆಂಡನ್ನು ಕೈಯಲ್ಲಿ ತಡೆದ. ನಾವು ಯಾರೂ ನೋಡಿರಲಿಲ್ಲ. ನೋಡಿದವರು ಪೊರ್ಬುಗಳು ಮಾತ್ರ. ಪೆನಾಲ್ಟಿ ಕೊಟ್ಟರು. ನಾನು ಹೊಡೆದೆ, ಗೆದ್ದೆವು.

ಮೊದಲ ಪಂಕ್ತಿಯಲ್ಲಿ ಪಾಯಸ ಹಾಕಿದಲ್ಲೇ ನಿಂತಿತು. ಎರಡು ಸಲ ಬಡಿಸಿಕೊಂಡೆ. ಕೈ ತೊಳೆದು ಬರುವಾಗ ಎರಡನೇ ಪಂಕ್ತಿ ನಡೆದಿತ್ತು. ತುದಿಯಲ್ಲಿ ಕುಳಿತ ಪೊರ್ಬುಗಳ ಪಾಯಸ ಎಲೆ ದಾಟಿ ಓಡುತ್ತಿತ್ತು. ಎಂತ ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ನಾನು ಪಕ್ಕದಲ್ಲಿ ಕುಕ್ಕರಿಸಿ, ಅಂಗೈ ಅಡ್ಡ ಇಡುವುದನ್ನು ತೋರಿಸಿದೆ.

"ಪ್ರತಿ ವರ್ಷ ಹೀಗೆಯಾ?" ಎಂದು ಕೇಳಿದರು.

"ಹೌದು."

"ಒಬ್ಬರಾದರೂ ನನಗೆ ಹೇಳಬಾರದಿತ್ತಾ?"

"ಹೇಳಲಿಕ್ಕೆ ದಾಕ್ಷಿಣ್ಯ, ಪೊರ್ಬುಗಳೇ."

ಪೊರ್ಬುಗಳು ಅಂಗೈ ಅಡ್ಡ ಇಟ್ಟರು.